ರೊಟ್ಟಿ ಡಬ್ಬಿಯೊಳಗಿನ ಫೋನು

ಬೆಳಿಗ್ಗೆ ಒಂಬತ್ತೂವರೆ. ಕಲಬುರಗಿಯ ಖೂಬಾ ಪ್ಲಾಟ್‌ನ ಒಂದು ಬಾಡಿಗೆ ಮನೆಯ ಬಾಗಿಲ ಹಿಂದೆ ಸ್ಟೂಲಿನ ಮೇಲೆ ಒಂದು ದೊಡ್ಡ ಸ್ಟೀಲ್ ಡಬ್ಬಿ ಇದೆ. ಒಂದು ಕಾಲಕ್ಕೆ ಅದರಲ್ಲಿ ಕಡಕ್ ರೊಟ್ಟಿ ತುಂಬಿಡುತ್ತಿದ್ದರಂತೆ. ಈಗ ಅದರಲ್ಲಿ ನಮ್ಮ ಫೋನುಗಳು ಇರುತ್ತವೆ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಫೋನನ್ನು ಸೈಲೆಂಟ್ ಮಾಡಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ ಮೇಲೆಯೇ ನಾವು ಮಕ್ಕಳಿರುವ ಕೋಣೆಗೆ ಕಾಲಿಡಬೇಕು.

ನಾನು ಕಮಲಾಪುರ ತಾಲ್ಲೂಕಿನವಳು. ಡಿಗ್ರಿ ಮುಗಿಸಿ ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಪುಸ್ತಕ, ಅರ್ಜಿ ಶುಲ್ಕ, ಕೋಚಿಂಗ್ ಫೀಸಿಗೆ ಅಪ್ಪನ ಮುಂದೆ ಕೈಚಾಚುವುದು ಬೇಡವೆಂದು ಈ ಬೇಬಿ ಸಿಟ್ಟಿಂಗ್‌ನಲ್ಲಿ ಟೀಚರ್ ಕಮ್ ಆಯಾ ಆಗಿ ಸೇರಿಕೊಂಡೆ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಬಂದು ಹೋಗುವುದು, ಬಸ್ಸಿನಲ್ಲೇ ಓದುವುದು. ನನ್ನಂಥವರು ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ಒಂದೂವರೆ ವರ್ಷದಿಂದ ನಾಲ್ಕು ವರ್ಷದೊಳಗಿನ ಹದಿನಾಲ್ಕು ಮಕ್ಕಳು ನಮ್ಮಲ್ಲಿ ಬರುತ್ತಾರೆ. ತಾಯಂದಿರು ನರ್ಸ್, ಬ್ಯಾಂಕ್ ಕ್ಲರ್ಕ್, ಹೈಸ್ಕೂಲ್ ಟೀಚರ್, ಹೀಗೆ.

ಈ ಡಬ್ಬಿ ಮೊದಲಿನಿಂದ ಇರಲಿಲ್ಲ. ಅದು ಬಂದದ್ದು ನನ್ನ ತಪ್ಪಿನಿಂದ. ಅದನ್ನು ಒಪ್ಪಿಕೊಂಡೇ ಮುಂದಿನದನ್ನು ಹೇಳಬೇಕು.

ಅದು ಏಪ್ರಿಲ್ ತಿಂಗಳು. ಕಲಬುರಗಿಯ ಏಪ್ರಿಲ್ ಎಂದರೆ ಗೊತ್ತಲ್ಲ, ಮಧ್ಯಾಹ್ನ 42 ಡಿಗ್ರಿ ದಾಟಿದರೂ ಯಾರೂ ಹೌಹಾರುವುದಿಲ್ಲ. ಮಕ್ಕಳು ಬೆವರುಸಾಲೆಯಿಂದ ಕಿರಿಕಿರಿ ಮಾಡುತ್ತಿದ್ದರು. ಹಿತ್ತಲಲ್ಲಿ ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿ, ಮೂವರ ಅಂಗಿ ಬಿಚ್ಚಿ, ಬರೀ ಚಡ್ಡಿಯಲ್ಲಿ ಕೂರಿಸಿದೆವು. ಏನು ನಗು, ಏನು ಕೇಕೆ! ನಾನು ಫೋನ್ ತೆಗೆದು ನಾಲ್ಕು ಫೋಟೊ ಹೊಡೆದೆ. ಅದರಲ್ಲಿ ಛಂದ ಬಂದ ಒಂದನ್ನು ಹೃದಯದ ಚಿತ್ರ ಅಂಟಿಸಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆ. ನನ್ನ ಮನಸ್ಸಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬ ತಾಯಿ ಮಗುವಿಲ್ಲದೆ ಬಂದರು. ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಅವರು. ರಾತ್ರಿ ಪಾಳಿ ಮುಗಿಸಿ ಸೀದಾ ಬಂದಿದ್ದರು. ಕೂಗಾಡಲಿಲ್ಲ. ನಿಂತಲ್ಲೇ ಕೇಳಿದರು: ‘ಟೀಚರ್, ನನ್ನ ಮಗಳ ಫೋಟೊ ನಮ್ಮ ವಾರ್ಡಿನ ಕಾಂಪೌಂಡರ್ ಫೋನಿನ್ಯಾಗ ಹ್ಯಾಂಗ ಬಂತ್ರಿ?’

ನನಗೆ ಬಾಯಿ ಕಟ್ಟಿದಂತಾಯಿತು. ಆ ಕಾಂಪೌಂಡರ್ ಯಾರೋ ನನಗೆ ಗೊತ್ತೇ ಇಲ್ಲ. ‘ನಿಮ್ಮ ಮಗಳು ಇಲ್ಲೇನ್ರಿ ಇರಾದು?’ ಎಂದು ಅವನು ತೋರಿಸಿದನಂತೆ. ಅವನಿಗೂ ಯಾರೋ ಕಳಿಸಿದ್ದು. ಫೋಟೊದಲ್ಲಿ ಗೋಡೆಯ ಮೇಲೆ ಬರೆಸಿದ ನಮ್ಮ ಪ್ಲೇ ಹೋಮಿನ ಹೆಸರು ಅರ್ಧ ಕಾಣುತ್ತಿತ್ತು. ನಾನು ತಡಬಡಿಸಿ ಸ್ಟೇಟಸ್ ಅಳಿಸಿದೆ. ಅಷ್ಟರಲ್ಲಿ 146 ಜನ ನೋಡಿಯಾಗಿತ್ತು. ಆ ಪಟ್ಟಿಯನ್ನು ಮೊದಲ ಬಾರಿಗೆ ಗಮನವಿಟ್ಟು ಓದಿದೆ. ನನ್ನ ತಂಗಿ, ಗೆಳತಿಯರು ಸರಿ. ರೀಚಾರ್ಜ್ ಅಂಗಡಿಯವನು, ಕೋಚಿಂಗ್ ಗ್ರೂಪಿನವರು, ಗ್ಯಾಸ್ ಸಿಲಿಂಡರ್ ತರುವವನು, ಜೆರಾಕ್ಸ್ ಅಂಗಡಿ, ಒಮ್ಮೆ ಪರೀಕ್ಷಾ ಕೇಂದ್ರದಲ್ಲಿ ಪರಿಚಯವಾದವರು. ಇಪ್ಪತ್ತಕ್ಕೂ ಹೆಚ್ಚು ಹೆಸರುಗಳ ಮುಖವೇ ನೆನಪಾಗಲಿಲ್ಲ. ಅವರಲ್ಲಿ ಯಾರು ಸ್ಕ್ರೀನ್‌ಶಾಟ್ ಹೊಡೆದು ಮುಂದೆ ಕಳಿಸಿದರೋ ಇವತ್ತಿಗೂ ತಿಳಿದಿಲ್ಲ.

‘ನಿಮ್ಮ ಮ್ಯಾಲ ಸಿಟ್ಟಿಲ್ರಿ. ಖರೇ ಹೇಳ್ತೀನಿ, ನನಗ ಅಂಜಿಕಿ ಆಗ್ಯಾದ’ ಎಂದು ಹೇಳಿ ಹೋದರು. ಮಗು ಮತ್ತೆ ಬರಲಿಲ್ಲ. ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದಾರೆಂದು ಆಮೇಲೆ ಕೇಳಿದೆ. ಎರಡು ವರ್ಷದ ಮಗು ತಾಯಿಯಿಂದ ದೂರವಾಗಲು ನನ್ನ ಒಂದು ಸ್ಟೇಟಸ್ ಕಾರಣವಾಯಿತು.

ಒಂದು ಫೋಟೊ ಎಷ್ಟು ದೂರ ಹೋಗುತ್ತದೆ ಎಂದು ಆಮೇಲೆ ಕೂತು ಲೆಕ್ಕ ಹಾಕಿದೆ. ಸ್ಟೇಟಸ್ 24 ಗಂಟೆಗೆ ತಾನಾಗಿ ಹೋಗುತ್ತದೆ ಎಂದು ನಾವು ನೆಮ್ಮದಿಯಿಂದ ಇರುತ್ತೇವೆ. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದರೆ ನಮಗೆ ಗೊತ್ತಾಗುವುದೇ ಇಲ್ಲ. ಗ್ರೂಪಿಗೆ ಹಾಕಿದರೆ, ಡೌನ್‌ಲೋಡ್ ಆನ್ ಇಟ್ಟುಕೊಂಡ ಪ್ರತಿಯೊಬ್ಬರ ಗ್ಯಾಲರಿಯಲ್ಲೂ ಒಂದು ಪ್ರತಿ. ಬ್ಯಾಕಪ್ ಇದ್ದರೆ ಅವರ ಗೂಗಲ್ ಖಾತೆಯಲ್ಲಿ ಇನ್ನೊಂದು ಪ್ರತಿ. ನಾನು ಅಳಿಸಿದ್ದು ನನ್ನ ಫೋನಿನದ್ದನ್ನು ಮಾತ್ರ. ಫೋಟೊದಲ್ಲಿರುವ ಸಮವಸ್ತ್ರ, ಬೋರ್ಡು, ಗೇಟು ನೋಡಿದರೆ ಮಗು ದಿನವೂ ಎಲ್ಲಿರುತ್ತದೆ ಎಂಬುದು ಅಪರಿಚಿತನಿಗೂ ತಿಳಿಯುತ್ತದೆ. ಮುಗ್ಧ ಫೋಟೊದಿಂದ ಮುಖವನ್ನು ಕತ್ತರಿಸಿ ಹೊಲಸು ಚಿತ್ರಕ್ಕೆ ಅಂಟಿಸುವ ಆ್ಯಪ್‌ಗಳು ಇವತ್ತು ಯಾರ ಕೈಗೂ ಸಿಗುತ್ತವೆ.

ಮರುವಾರ ಮೇಡಂ ಡಬ್ಬಿ ತಂದಿಟ್ಟರು. ನಿಜ ಹೇಳಬೇಕೆಂದರೆ ತಪ್ಪು ಮಾಡಿದ ನನಗೇ ಅವಮಾನವಾಯಿತು. ನಮ್ಮನ್ನು ಕಳ್ಳರ ಹಾಗೆ ನೋಡುತ್ತಿದ್ದಾರೆ ಎನ್ನಿಸಿತು. ಆ ಅನಿಸಿಕೆ ಬದಲಾದದ್ದು ಬೇರೆ ದೇಶಗಳಲ್ಲಿ ಏನು ನಡೆದಿದೆ ಎಂದು ಓದಿದಾಗ.

2009ರಲ್ಲಿ ಇಂಗ್ಲೆಂಡಿನ ಪ್ಲಿಮತ್ ನಗರದ ಒಂದು ನರ್ಸರಿಯಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬಳು ಮಕ್ಕಳ ಮೇಲೆ ದೌರ್ಜನ್ಯ ನಡೆಸಿ, ಅದನ್ನು ತನ್ನ ಮೊಬೈಲ್‌ನಲ್ಲೇ ಚಿತ್ರ ತೆಗೆದು, ಅಂತರ್ಜಾಲದಲ್ಲಿ ಪರಿಚಯವಾದವರಿಗೆ ಕಳಿಸಿದ್ದು ಬಯಲಾಯಿತು. ಎಲ್ಲರೂ ನಂಬಿದ್ದ ಹೆಂಗಸು ಅವಳು. ಆ ಬಳಿಕ, ಶಿಶುಪಾಲನಾ ಕೇಂದ್ರಗಳು ಮೊಬೈಲ್ ಮತ್ತು ಕ್ಯಾಮೆರಾ ಬಳಕೆಗೆ ಲಿಖಿತ ನಿಯಮ ಹೊಂದಿರಲೇಬೇಕು ಎಂಬುದು ಅಲ್ಲಿನ ಸರ್ಕಾರಿ ಚೌಕಟ್ಟಿನ ಭಾಗವಾಯಿತು. ಆಸ್ಟ್ರೇಲಿಯಾ 2024ರ ಜುಲೈನಲ್ಲಿ ಒಂದು ಮಾದರಿ ಸಂಹಿತೆ ತಂದಿತು. ಮಕ್ಕಳ ಫೋಟೊ, ವಿಡಿಯೊ ತೆಗೆಯಲು ಸಂಸ್ಥೆ ಕೊಟ್ಟ ಸಾಧನವನ್ನಷ್ಟೇ ಬಳಸಬೇಕು, ಮಕ್ಕಳ ಜೊತೆ ಇರುವಾಗ ಸಿಬ್ಬಂದಿಯ ಸ್ವಂತ ಫೋನ್ ಹತ್ತಿರ ಇರಬಾರದು ಎಂಬುದು ಅದರ ಸಾರ. ಮರುವರ್ಷ ಮೆಲ್ಬರ್ನ್‌ನ ಶಿಶುಪಾಲಕನೊಬ್ಬನ ಮೇಲೆ ಎಂಟು ಮಕ್ಕಳಿಗೆ ಸಂಬಂಧಿಸಿ 70ಕ್ಕೂ ಹೆಚ್ಚು ಆರೋಪಗಳು ದಾಖಲಾದಾಗ ಇಡೀ ದೇಶ ನಡುಗಿತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2025ರ ಸೆಪ್ಟೆಂಬರ್ 26ರಿಂದ ಶಿಶುಪಾಲನಾ ಕೇಂದ್ರಗಳಲ್ಲಿ ಸ್ವಂತ ಫೋನ್ ಬಳಕೆಯನ್ನು ನಿಷೇಧಿಸಲಾಯಿತು.

ಇದೆಲ್ಲ ಓದಿದ ಮೇಲೆ ನನಗೆ ಒಂದು ಸಂಗತಿ ಹೊಳೆಯಿತು. ಎಲ್ಲರ ಕೈಯಲ್ಲೂ ಫೋನ್ ಇರುವುದು ಸಾಮಾನ್ಯವಾದ ಕಡೆ, ಫೋನ್ ಹಿಡಿದು ನಿಂತ ಒಬ್ಬರನ್ನು ಯಾರೂ ಅನುಮಾನಿಸುವುದಿಲ್ಲ. ಯಾರ ಕೈಯಲ್ಲೂ ಫೋನ್ ಇಲ್ಲದ ಕೋಣೆಯಲ್ಲಿ ಒಬ್ಬರು ತೆಗೆದರೆ ಆ ಕ್ಷಣವೇ ಎದ್ದು ಕಾಣುತ್ತದೆ. ಅಂದರೆ ನಾವು ಐದು ಮಂದಿ ಡಬ್ಬಿಗೆ ಫೋನ್ ಹಾಕುವುದು ಆ ಒಬ್ಬರಿಗೆ ಮರೆ ಸಿಗದಿರಲಿ ಎಂದು. ನಾಳೆ ಯಾವುದೋ ಫೋಟೊ ಎಲ್ಲೋ ಹರಿದಾಡಿದರೆ, ‘ಟೀಚರ್ ತೆಗೆದಿರಬೇಕು’ ಎಂಬ ಮಾತು ನನ್ನ ಮೇಲೆ ಬರದಿರಲೂ ಅದೇ ಡಬ್ಬಿ ಕಾವಲು. ಪೊಲೀಸ್ ವೆರಿಫಿಕೇಷನ್ ಇಲ್ಲದೆ ಸರ್ಕಾರಿ ನೌಕರಿ ಸಿಗದ ನಮ್ಮಂಥವರಿಗೆ ಅದೇನು ಸಣ್ಣ ಮಾತಲ್ಲ.

ನಮ್ಮ ಕಾನೂನೂ ಕಡಿಮೆ ಕಠಿಣವಾಗಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೂ ಅಪರಾಧ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ. ಮಕ್ಕಳನ್ನು ಲೈಂಗಿಕವಾಗಿ ತೋರಿಸುವ ಚಿತ್ರಗಳನ್ನು ಹಂಚುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಶಿಕ್ಷಾರ್ಹ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್, ಇಂಥದ್ದನ್ನು ‘ಮಕ್ಕಳ ಅಶ್ಲೀಲ ಚಿತ್ರ’ ಎಂದು ಕರೆಯಬೇಡಿ, ಅದು ಮಕ್ಕಳ ಲೈಂಗಿಕ ಶೋಷಣೆಯ ವಸ್ತು ಎಂದೇ ಕರೆಯಿರಿ ಎಂದು ಹೇಳಿತು. ನಾನು ಹಾಕಿದ ಫೋಟೊ ಆ ಬಗೆಯದಾಗಿರಲಿಲ್ಲ, ನಿಜ. ಆದರೆ ಅದು ಯಾರ ಕೈ ಸೇರುತ್ತದೆ, ಏನಾಗಿ ಬದಲಾಗುತ್ತದೆ ಎಂಬುದು ನನ್ನ ಹಿಡಿತದಲ್ಲಿ ಇರಲಿಲ್ಲ.

ಡಬ್ಬಿಯಿಂದ ಇನ್ನೊಂದು ಲಾಭವಾಯಿತು. ಮೊದಲ ವಾರ ಪ್ರತಿ ಐದು ನಿಮಿಷಕ್ಕೊಮ್ಮೆ ಕೈ ತಾನಾಗಿ ಫೋನ್ ಹುಡುಕುತ್ತಿತ್ತು. ಕೀ ಉತ್ತರ ಬಂತೇ, ಕಟ್ ಆಫ್ ಎಷ್ಟು, ಟೆಲಿಗ್ರಾಂ ಗ್ರೂಪಿನಲ್ಲಿ ಯಾವ ಪಿಡಿಎಫ್ ಬಂತು ಎಂಬ ಧ್ಯಾನ. ಎರಡನೇ ವಾರ ಒಂದು ಮಧ್ಯಾಹ್ನ, ಎರಡೂವರೆ ವರ್ಷದ ಪೋರನೊಬ್ಬ ಮೂಲೆಯಲ್ಲಿ ಸುಮ್ಮನೆ ಕೂತಿದ್ದ. ಹೋಗಿ ನೋಡಿದರೆ ಯಾರದೋ ಟಿಫಿನ್ನಿನ ಶೇಂಗಾ ಬೀಜವನ್ನು ಮೂಗಿನೊಳಗೆ ತಳ್ಳುತ್ತಿದ್ದ. ಇನ್ನೂ ಹೊರಗೇ ಇತ್ತು, ತೆಗೆದೆ. ಮಗುವಿನ ಶ್ವಾಸನಾಳಕ್ಕೆ ಏನಾದರೂ ಸಿಕ್ಕಿಕೊಂಡರೆ ಅದಕ್ಕೆ ಕೂಗಲೂ ಆಗುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ನೋಡುವ ಕಣ್ಣೇ ಬೇಕು. ಹದಿನೈದು ದಿನದ ಹಿಂದೆ ಆಗಿದ್ದರೆ ನನ್ನ ಕಣ್ಣು ಎಲ್ಲಿರುತ್ತಿತ್ತು ಎಂದು ನನಗೇ ಗೊತ್ತು.

ಮಕ್ಕಳಿಗೆ ಊಟ ಮಾಡಿಸಲು ಫೋನಿನಲ್ಲಿ ಕಾರ್ಟೂನ್ ಹಚ್ಚುವ ನಮ್ಮ ಅಭ್ಯಾಸವೂ ಡಬ್ಬಿಯ ಜೊತೆಗೇ ಹೋಯಿತು. ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸುವುದೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮೂರು ದಿನ ಮಕ್ಕಳು ಅತ್ತರು. ನಾಲ್ಕನೇ ದಿನ ಕಾಗಿ, ಗುಬ್ಬಿಯ ಕತೆಗೆ ಬಾಯಿ ತೆರೆದರು.

ಇಷ್ಟಾದರೂ ಡಬ್ಬಿಯಿಂದ ಎಲ್ಲ ಒಳ್ಳೆಯದೇ ಆಯಿತು ಎಂದು ನಾನು ಬರೆಯಲಾರೆ. ಜುಲೈನಲ್ಲಿ ಒಂದು ದಿನ ಮಧ್ಯಾಹ್ನ ಒಂದೂವರೆಗೆ ಡಬ್ಬಿ ತೆರೆದಾಗ ಅವ್ವನ 11 ಮಿಸ್ಡ್ ಕಾಲ್ ಇದ್ದವು. ಬೆಳಿಗ್ಗೆ ಹತ್ತೂವರೆಗೇ ಅಪ್ಪನಿಗೆ ಶುಗರ್ ಇಳಿದು ಹೊಲದಲ್ಲಿ ಕುಸಿದು ಬಿದ್ದಿದ್ದ. ನೆರೆಯವರು ಸಕ್ಕರೆ ನೀರು ಕುಡಿಸಿ ಕಮಲಾಪುರದ ಆಸ್ಪತ್ರೆಗೆ ಒಯ್ದಿದ್ದರು. ನಾನು ಹೋಗುವ ಹೊತ್ತಿಗೆ ಅಪ್ಪ ಎದ್ದು ಕೂತು ಚಹಾ ಕುಡಿಯುತ್ತಿದ್ದ. ‘ಎಲ್ಲಿ ಹೋಗಿದ್ದಿ ಯವ್ವಾ, ಫೋನ್ ಯಾಕ ಎತ್ತಲಿಲ್ಲ?’ ಎಂದು ಅವ್ವ ಕೇಳಿದಳು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಮೇಡಂ ಜೊತೆ ಜಗಳವನ್ನೇ ಮಾಡಿದೆ. ‘ಮಕ್ಕಳ ಸುರಕ್ಷಾ ನಿಮ್ಮ ಜವಾಬ್ದಾರಿ ಅದ, ಒಪ್ತೀನ್ರಿ. ನಮ್ಮ ಮನಿಯವರು ನಮಗ ಸಿಗಂಗ ಮಾಡಾದೂ ನಿಮ್ಮ ಜವಾಬ್ದಾರೀನೇ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಎರಡು ದಿನಕ್ಕೆ ಅಡುಗೆಮನೆಯ ಕಿಟಕಿಯಲ್ಲಿ ಕ್ಯಾಮೆರಾ ಇಲ್ಲದ ಒಂದು ಕೀಪ್ಯಾಡ್ ಫೋನ್ ಬಂತು. ಅದರ ನಂಬರ್ ನಮ್ಮೆಲ್ಲರ ಮನೆಗೂ, ಎಲ್ಲ ಪಾಲಕರಿಗೂ ಹೋಯಿತು. ರಿಂಗಾದರೆ ಅಡುಗೆಮನೆಯಲ್ಲಿರುವ ಆಯಾ ಎತ್ತುತ್ತಾರೆ, ಕರೆ ಯಾರಿಗೋ ಅವರನ್ನು ಕೂಗುತ್ತಾರೆ, ಅವರ ಜಾಗಕ್ಕೆ ಮಕ್ಕಳ ಬಳಿ ಇನ್ನೊಬ್ಬರು ಬರುತ್ತಾರೆ. ಆಸ್ಟ್ರೇಲಿಯಾದ ಸಂಹಿತೆಯಲ್ಲೂ ತುರ್ತು ಸಂದರ್ಭ, ಸಿಬ್ಬಂದಿಯ ಆರೋಗ್ಯ, ಮನೆಯವರ ತೀರಾ ಅಗತ್ಯದಂಥ ಕಾರಣಗಳಿಗೆ ವಿನಾಯಿತಿ ಇದೆ. ಖರ್ಚು ಆದದ್ದು ಒಂದು ಸಾದಾ ಫೋನಿನಷ್ಟು. ಆ ಖರ್ಚನ್ನು ಮೊದಲ ದಿನವೇ ಮಾಡಿದ್ದರೆ ಅವ್ವ ಹನ್ನೊಂದು ಸಲ ಫೋನ್ ಹಚ್ಚಬೇಕಾಗಿರಲಿಲ್ಲ.

ಅದೇ ದಿನ ನಮ್ಮ ಹಿರಿಯ ಆಯಾ ಇನ್ನೊಂದು ಪ್ರಶ್ನೆ ಎತ್ತಿದರು. ನಾವು ಫೋನ್ ಹಾಕುವಾಗ ಡಬ್ಬಿಯನ್ನು ಮೇಡಂ ಮುಂದೆ ಹಿಡಿದು, ‘ಮೇಡಂ, ನಿಮ್ದು?’ ಎಂದರು. ಎಲ್ಲರೂ ನಕ್ಕೆವು. ಆದರೆ ಪ್ರಶ್ನೆ ನೇರವಾಗಿತ್ತು. ಅಡ್ಮಿಷನ್ ಹೊತ್ತಿನಲ್ಲಿ ಹುಟ್ಟುಹಬ್ಬ, ನಾಗರ ಪಂಚಮಿಯ ಫೋಟೊಗಳನ್ನು ಮೇಡಂ ತಮ್ಮ ಫೋನಿನಲ್ಲೇ ತೆಗೆದು ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದರು. ಆಯಾ ತೆಗೆದರೆ ತಪ್ಪು, ಮಾಲೀಕರು ತೆಗೆದರೆ ಪ್ರಚಾರ ಎಂದರೆ ಅದು ಯಾವ ನಿಯಮ? ಮೇಡಂ ಸಿಟ್ಟಾಗಲಿಲ್ಲ, ಅದು ಅವರ ದೊಡ್ಡತನ. ಈಗ ಸಿಮ್ ಇಲ್ಲದ ಒಂದು ಟ್ಯಾಬ್ ಇದೆ. ಫೋಟೊ ತೆಗೆಯುವುದು ಅದರಲ್ಲಿ ಮಾತ್ರ. ಅದು ಕಟ್ಟಡ ಬಿಟ್ಟು ಹೊರಗೆ ಹೋಗುವುದಿಲ್ಲ. ಸ್ನಾನ, ಬಟ್ಟೆ ಬದಲಿಸುವುದು, ಮಲಗಿದ್ದು, ಇವುಗಳ ಫೋಟೊ ಯಾವ ಕಾರಣಕ್ಕೂ ಇಲ್ಲ. ಪಾಲಕರು ಸಹಿ ಮಾಡಿ ಒಪ್ಪಿದರೆ ಮಾತ್ರ ಅವರ ಮಗುವಿನ ಫೋಟೊ, ಅದೂ ಅವರಿಗೆ ಮಾತ್ರ.

ಇದನ್ನೆಲ್ಲ ನಾನು ಹೆಮ್ಮೆಯಿಂದ ಚಿಗವ್ವನಿಗೆ ಹೇಳಿದೆ. ಚಿಗವ್ವ ನಮ್ಮೂರ ಕಡೆಯ ಅಂಗನವಾಡಿ ಕಾರ್ಯಕರ್ತೆ. ಕೇಳಿ ನಕ್ಕಳು. ‘ನೀ ಫೋನ್ ಡಬ್ಬಿಗೆ ಹಾಕ್ತಿ. ನಾ ಫೋನ್ ಕೆಳಗ ಇಟ್ರ ನನ್ನ ಕೆಲಸಾನೇ ನಿಲ್ತದ’ ಎಂದಳು. ಅವಳ ಮಾತು ನಿಜ. 2021ರ ಮಾರ್ಚ್‌ನಲ್ಲಿ ಪೋಷಣ್ ಟ್ರ್ಯಾಕರ್ ಬಂದ ಮೇಲೆ ಹಾಜರಿ, ತೂಕ, ಎತ್ತರ, ಆಹಾರ ವಿತರಣೆ ಎಲ್ಲವೂ ಫೋನಿನಲ್ಲಿ. ಮನೆಗೆ ಒಯ್ಯುವ ಆಹಾರ ಪಡೆಯುವವರ ಮುಖ ಗುರುತಿಸುವುದೂ ಫೋನಿನಲ್ಲೇ. ಕಾರ್ಯಕ್ರಮ ಮಾಡಿದರೆ ಫೋಟೊ ತೆಗೆದು ಗ್ರೂಪಿಗೆ ಹಾಕಬೇಕು. ಕೊಟ್ಟ ಫೋನ್ ಹ್ಯಾಂಗ್ ಆದರೆ ಸ್ವಂತ ಫೋನೇ ಗತಿ. ಪಕ್ಕದ ಮಹಾರಾಷ್ಟ್ರದಲ್ಲಿ 2021ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಕಳಪೆ ಫೋನುಗಳನ್ನು ವಾಪಸ್ ಕೊಟ್ಟು ಚಳವಳಿಯನ್ನೇ ಮಾಡಿದರು. ಚಿಗವ್ವನ ಸ್ವಂತ ಫೋನಿನ ಗ್ಯಾಲರಿ ನೋಡಿದೆ. ಊರಿನ ಮಕ್ಕಳ ಫೋಟೊಗಳ ನಡುವೆ ಅವಳ ಮಗನ ಮದುವೆಯ ಫೋಟೊ. ಅದೇ ಫೋನಿನಲ್ಲಿ ಸಂಜೆ ಮೊಮ್ಮಗ ಗೇಮ್ ಆಡುತ್ತಾನೆ.

ನಮ್ಮ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ 2023-24ರ ಬಜೆಟ್‌ನಲ್ಲಿ ಘೋಷಿಸಿದ ‘ಕೂಸಿನ ಮನೆ’ ಯೋಜನೆಯ ಗುರಿಯೇ 4,000 ಕೇಂದ್ರಗಳು. ಕಾನೂನಿನ ಪ್ರಕಾರ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು. ಅಂದರೆ ಮುಂದಿನ ದಿನಗಳಲ್ಲಿ ನಮ್ಮಂಥ ಎಷ್ಟೋ ಹುಡುಗಿಯರು, ಹುಡುಗರು ಈ ಕೆಲಸಕ್ಕೆ ಬರುತ್ತಾರೆ. ಅವರಿಗೆ ‘ಫೋನ್ ಮುಟ್ಟಬೇಡಿ’ ಎಂದು ಹೇಳುವುದಕ್ಕಿಂತ ಮೊದಲು ಕೆಲಸಕ್ಕೆಂದೇ ಒಂದು ಚೆನ್ನಾಗಿ ನಡೆಯುವ ಸಾಧನ ಕೊಡಬೇಕು. ಕೆಲಸದ ಫೋನ್ ಬೇರೆ, ಸ್ವಂತದ್ದು ಬೇರೆ ಎಂದಾದರೆ ಚಿಗವ್ವನೂ ತನ್ನದನ್ನು ನೆಮ್ಮದಿಯಿಂದ ಡಬ್ಬಿಗೆ ಹಾಕುತ್ತಾಳೆ.

ಆದ್ದರಿಂದ ಗೆಳೆಯರೇ, ನೀವು ಪ್ಲೇ ಹೋಮ್, ಬೇಬಿ ಸಿಟ್ಟಿಂಗ್, ನರ್ಸರಿ, ಟ್ಯೂಷನ್ ಎಲ್ಲಿಗೇ ಕೆಲಸಕ್ಕೆ ಸೇರಿ, ಸಂಬಳ ಎಷ್ಟು ಎಂದು ಕೇಳುವಾಗಲೇ ಇದನ್ನೂ ಕೇಳಿ. ಫೋನ್ ಎಲ್ಲಿ ಇಡಬೇಕು? ಮನೆಯಿಂದ ತುರ್ತು ಕರೆ ಬಂದರೆ ಯಾವ ನಂಬರ್? ಮಕ್ಕಳ ಫೋಟೊ ಯಾರು, ಯಾವುದರಲ್ಲಿ ತೆಗೆಯುತ್ತಾರೆ? ಪಾಲಕರ ಒಪ್ಪಿಗೆ ಬರಹದಲ್ಲಿ ಇದೆಯೇ? ಮಗುವಿನ ಬಗ್ಗೆ ಅನುಮಾನ ಬಂದರೆ ಯಾರಿಗೆ ಹೇಳಬೇಕು? ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಬರೆದಿದೆಯೇ? ಉತ್ತರ ಇಲ್ಲದಿದ್ದರೆ ನೀವೇ ಒಂದು ಡಬ್ಬಿ ತಂದಿಡಿ. ಮತ್ತು ಇವತ್ತು ಸಂಜೆ ಬಿಡುವು ಮಾಡಿಕೊಂಡು, ನಿಮ್ಮ ಸ್ಟೇಟಸ್ ಯಾರ್‍ಯಾರು ನೋಡುತ್ತಾರೆ ಎಂಬ ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ಓದಿ.

ಆ ನರ್ಸ್ ಅಕ್ಕನನ್ನು ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಡಬ್ಬಿ, ಕೀಪ್ಯಾಡ್ ಫೋನ್, ಟ್ಯಾಬ್ ಎಲ್ಲದರ ಬಗ್ಗೆ ಒಂದೇ ಉಸಿರಿಗೆ ಹೇಳಿದೆ. ‘ಛಲೋ ಮಾಡೀರಿ’ ಎಂದರು. ಮಗಳನ್ನು ಮತ್ತೆ ಕಳಿಸುತ್ತೇನೆ ಎನ್ನಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಬಸ್ ಹತ್ತುವಾಗ ಅಡುಗೆಮನೆ ಫೋನಿನ ನಂಬರ್ ಮಾತ್ರ ಬರೆಸಿಕೊಂಡು ಹೋದರು.